ಒಂದೇ ಎರಕದ ಗಂಟೆ

“ಸರ್, ನನ್ನ ಪ್ರೋಗ್ರಾಂ ಒಂದು ಮರಿ ಪ್ರೋಗ್ರಾಂ ಹುಟ್ಟಿಸಿ, ಅದರ ಇನ್‌ಪುಟ್‌ಗೆ ಹೆಸರುಗಳನ್ನು ಕಳಿಸ್ತಿದೆ. ಮರಿ ಅವನ್ನೆಲ್ಲ ಅಕ್ಷರ ಕ್ರಮದಲ್ಲಿ ಜೋಡಿಸಿ ಔಟ್‌ಪುಟ್‌ನಲ್ಲಿ ವಾಪಸ್ ಕೊಡಬೇಕು. ಬೆಳಿಗ್ಗೆಯಿಂದ ಕಾಯ್ತಿದ್ದೀನಿ, ಒಂದು ಹೆಸರೂ ಬಂದಿಲ್ಲ. ಅದಕ್ಕೇನಾಗಿದೆ?” ಎಂದು ಮಂದಾಕಿನಿ ಕೇಳಿದಳು.

ಅಡವಯ್ಯ ಮೇಷ್ಟ್ರು ಪರದೆಯ ಕಡೆ ನೋಡಲೇ ಇಲ್ಲ. ಅವರನ್ನು ಪ್ರಶ್ನೆ ಕೇಳಿದವರು ಕತೆ ಕೇಳಬೇಕು. ಇದು ಶಿಷ್ಯರಿಗೆಲ್ಲ ಗೊತ್ತಿದ್ದ ಕಷ್ಟ.

ಒಬ್ಬ ಕಂಚುಗಾರನಿದ್ದ. ಗಂಟೆ ಮಾಡುವುದರಲ್ಲಿ ಎತ್ತಿದ ಕೈ. ಅವನ ಮಗಳು ಅದೇ ಕಸುಬು ಕಲಿತು ದೂರದ ಊರಿನಲ್ಲಿ ಕುಲುಮೆ ಹಾಕಿದಳು. ಅಪ್ಪನ ಕಿವಿ ದಿನೇ ದಿನೇ ಮಂದವಾಗುತ್ತಿತ್ತು. ಪೂರ್ತಿ ಕೇಳದಂತಾಗುವ ಮೊದಲು ಮಗಳ ಕೈಯ ಗಂಟೆಯ ನಾದ ಕೇಳಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು.

ಮನೆಯಲ್ಲಿದ್ದ ಕಂಚಿನ ಚೂರುಗಳನ್ನು ಗಂಟು ಕಟ್ಟಿ ಗಾಡಿಯವನ ಕೈಗೆ ಕೊಟ್ಟ. “ಇದರಲ್ಲಿ ಅಪ್ಪನಿಗೊಂದು ಗಂಟೆ ಮಾಡಿಕೊಡಬೇಕಂತೆ ಅನ್ನು. ಇನ್ನೂ ಕಳಿಸ್ತಾನಂತೆ ಅನ್ನು” ಎಂದ. ಕಳಿಸುವ ಯೋಚನೆಯೇನೂ ಅವನಿಗಿರಲಿಲ್ಲ. ಕೊಡುವವರು ‘ಮುಗಿಯಿತು’ ಎನ್ನಬಾರದು, ತೆಗೆದುಕೊಳ್ಳುವವರು ‘ಇಷ್ಟೇನಾ’ ಎನ್ನಬಾರದು. ಅದು ಆ ಮನೆಯ ರೀತಿ.

ಗಂಟೆಯನ್ನು ಒಂದೇ ಸಲಕ್ಕೆ ಎರಕ ಹೊಯ್ಯಬೇಕು. ಅರ್ಧ ಇಂದು, ಅರ್ಧ ನಾಳೆ ಹೊಯ್ದರೆ ಕೂಡಿದ ಕಡೆ ನಾದ ಒಡೆಯುತ್ತದೆ. ಮಗಳು ಅಚ್ಚು ಮಾಡಿಟ್ಟುಕೊಂಡು ಕಾದಳು.

ತಿಂಗಳ ಮೇಲೆ ಗಾಡಿ ಖಾಲಿ ಬಂತು.

“ಏನಾದ್ರೂ ಕೊಟ್ಟಳಾ?”

“ಇಲ್ಲ. ನೀನು ಕೊಟ್ಟಿದ್ದನ್ನ ಕಣ್ಣಿಗೊತ್ತಿಕೊಂಡು ಒಳಗಿಟ್ಟಳು. ಅಪ್ಪ ಹೇಗಿದ್ದಾನೆ ಅಂದಳು.”

ಕಂಚು ಸಾಲದೇನೋ ಎಂದು ಅಪ್ಪ ತಂಬಿಗೆ ಕಳಿಸಿದ. ಆಮೇಲೆ ತಟ್ಟೆ. ಆಮೇಲೆ ಹೆಂಡತಿಯ ಕಾಲದ ದೀಪದ ಕಂಬ. ಪ್ರತಿ ಸಲವೂ “ಇನ್ನೂ ಕಳಿಸ್ತಾನಂತೆ ಅನ್ನು” ಎಂದ. ಪ್ರತಿ ಸಲವೂ ಮಗಳು ಅಚ್ಚು ಒಡೆದು ಇನ್ನಷ್ಟು ದೊಡ್ಡ ಅಚ್ಚು ಮಾಡಿದಳು. ಅವನು ದಾರಿ ನೋಡಿದ. ಅವಳೂ ದಾರಿ ನೋಡಿದಳು. ಹೀಗೆ ಮೂರು ವರ್ಷ.

ಕೊನೆಗೆ ಮನೆಯಲ್ಲಿ ಕಂಚೇ ಉಳಿಯಲಿಲ್ಲ. ಅಪ್ಪ ತಲೆ ತಗ್ಗಿಸಿ, “ಅಪ್ಪನ ಹತ್ರ ಇನ್ನೇನೂ ಇಲ್ಲವಂತೆ ಅನ್ನು” ಎಂದು ಹೇಳಿ ಕಳಿಸಿದ.

ಆ ಮಾತು ಮುಟ್ಟಿದ ದಿನವೇ ಮಗಳು ಎರಕ ಹೊಯ್ದಳು. ಗಂಟೆಯ ಜೊತೆ ತಾನೂ ಬಂದಳು.

ಅಪ್ಪ ಎರಡೂ ಕೈಯಲ್ಲಿ ಕೊಡತಿ ಎತ್ತಿ ಹೊಡೆದ. ಊರಿನವರೆಲ್ಲ ಹೊರಗೆ ಬಂದರು. ಅವನು ಮಗಳ ಮುಖ ನೋಡಿ, “ಹೊಡೆದೆನಾ ಮಗಾ?” ಎಂದ.

ಮಗಳು ಅವನ ಅಂಗೈಯನ್ನು ಗಂಟೆಯ ಮೇಲಿಟ್ಟಳು. ಗಂಟೆ ಇನ್ನೂ ನಡುಗುತ್ತಿತ್ತು.

ಮೇಷ್ಟ್ರು ನಿಲ್ಲಿಸಿದರು. ಮಂದಾಕಿನಿಗೆ ಸಂಕಟವಾಯಿತು. “ಮಗಳು ಒಂದು ಮಾತು ಕೇಳಬಹುದಿತ್ತಲ್ವಾ ಸರ್?”

“ಅವಳದು ಇರಲಿ, ನಿನ್ನ ಮರಿಗಂತೂ ಕೇಳೋಕೆ ಬಾಯಿಲ್ಲ, ಕಳಿಸೋದು ಮುಗೀತು ಅಂತ ನೀನು ಅದಕ್ಕೆ ಯಾವ ಸಾಲಲ್ಲಿ ಹೇಳಿದ್ದೀಯ, ತೋರಿಸು.”