ಯಾರ ನಂಬರು ಬರೀಲಿ?

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಕಸ್ತೂರಿ ಎಂಬ ಕಂಪ್ಯೂಟರ್ ಆಪರೇಟರ್ ಇದ್ದಳು. ಹೋದ ವರ್ಷ ಫಲಿತಾಂಶದ ದಿನ ಎಲ್ಲರೂ ಒಟ್ಟಿಗೆ ನುಗ್ಗಿ ವೆಬ್‌ಸೈಟು ಮಲಗಿಬಿಟ್ಟಿತ್ತು. ಮಗಳ ಅಂಕ ಕೇಳಲು ಬಂದ ತಂದೆಯೊಬ್ಬರು ಸಂಜೆವರೆಗೂ ಬಾಗಿಲಲ್ಲೇ ನಿಂತಿದ್ದರು. ಆ ಮುಖ ಅವಳಿಗೆ ಮರೆತಿರಲಿಲ್ಲ.

ಈ ವರ್ಷ ಕುಲಸಚಿವ ಹಾವನೂರರು, ವೆಬ್‌ಸೈಟಿಗೆ ಬಂದವರನ್ನೆಲ್ಲ ನಾಲ್ಕು ಸರ್ವರ್‌ಗಳಿಗೆ ಹಂಚಿಕೊಡುವ ದೊಡ್ಡ ಪೆಟ್ಟಿಗೆಯೊಂದನ್ನು ಆರಿಸಿದ್ದರು. "ಇದೊಂದೇ ಸಾಕು ಅಂತ ಬರೆದು ಸಹಿ ಹಾಕವ್ವ. ನಾ ಹೇಳಿದ ಮೇಲೆ ಮುಗೀತು," ಎಂದು ಖರೀದಿಯ ಕಾಗದ ಮುಂದಿಟ್ಟು ಗುಡುಗಿದರು.

"ಆ ಪೆಟ್ಟಿಗೆನೇ ಕೆಟ್ಟರೆ ನಾಲ್ಕು ಸರ್ವರ್ ಇದ್ದೂ ಇಲ್ಲದಂಗಲ್ಲೇನ್ರಿ ಸರ್?"

"ಇದು ಕೆಡೋ ಜಾತಿಯದ್ದೇ ಅಲ್ಲ ಮೇಡಂ," ಎಂದ, ಪಕ್ಕದಲ್ಲೇ ಕೂತಿದ್ದ ಮಾರಾಟಗಾರ. ಕುಲಸಚಿವರೂ ತಲೆಯಾಡಿಸಿದರು.

ಕಸ್ತೂರಿ ಪೆನ್ನು ತೆಗೆದಳು. "ಆಗಲ್ರಿ ಸರ್, ಸಹಿ ಹಾಕ್ತೀನಿ. ಪೆಟ್ಟಿಗೆ ನಿಂತರೆ ವಿದ್ಯಾರ್ಥಿಗಳು ಈ ಮೊಬೈಲಿಗೆ ಫೋನ್ ಮಾಡಬೇಕು ಅಂತ ಸುದ್ದಿ ಪೇಪರಿನಾಗ ಒಂದು ಸಾಲು ಹಾಕಿಸೋಣ. ಯಾರ ನಂಬರು ಬರೀಲಿ? ಹೆಂಗೂ ಕೆಡೂದಿಲ್ಲ, ಒಂದು ಫೋನೂ ಬರೂದಿಲ್ಲ."

ಮಾರಾಟಗಾರ ಬೆವರು ಒರೆಸಿಕೊಂಡ. "ಎಷ್ಟಂದ್ರೂ ಯಂತ್ರ ಅಲ್ವಾ ಮೇಡಂ... ಸಾಹೇಬರ ನಂಬರೇ ಹಾಕಿಬಿಡಿ."

ಹಾವನೂರರು ಜೇಬಿನ ಮೊಬೈಲನ್ನು ಮುಟ್ಟಿ ನೋಡಿಕೊಂಡರು. ಅರವತ್ತು ಸಾವಿರ ವಿದ್ಯಾರ್ಥಿಗಳು! ಖರೀದಿಯ ಕಾಗದ ಎಳೆದುಕೊಂಡು, ಪೆಟ್ಟಿಗೆ 'ಒಂದು' ಎಂಬುದನ್ನು ಹೊಡೆದುಹಾಕಿ 'ಎರಡು' ಎಂದು ಬರೆದರು.

"ಒಂದು ಬಿದ್ದರೆ ಇನ್ನೊಂದು ಕೆಲಸ ಎತ್ತಿಕೋಬೇಕು. ಮೊದಲು ನನ್ನೆದುರಿಗೆ ಒಂದರ ತಂತಿ ಕಿತ್ತು ತೋರಿಸ್ರಿ. ಇಷ್ಟೂ ತಿಳಿಯೂದಿಲ್ಲೇನು ನಿಮಗ?" ಎಂದು ಮಾರಾಟಗಾರನನ್ನೇ ಗದರಿದರು.

ಕಸ್ತೂರಿ ಆ 'ಎರಡು' ಎಂಬುದರ ಕೆಳಗೆ ಸಹಿ ಹಾಕಿದಳು.