ಊಟದ ಮನೆಯ ಹೊರಗಿನ ಗೂಟ

“ಕೇಳ್ರಪ್ಪೋ ಕೇಳ್ರಿ! ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಎಲ್ಲಿ ಬೇಕಾದರೂ ಓಡಾಡಬಹುದು ಅನ್ನೋದು ರಾಜಾಜ್ಞೆ. ಅವರವರ ಮನೆಗೆ ಅವರವರೇ ಯಜಮಾನರು ಅನ್ನೋದೂ ರಾಜಾಜ್ಞೆ. ಊಟದ ಮನೆ ಚಿಕ್ಕೀರ ನಮ್ಮ ದಳವಾಯಿ ಬೊಮ್ಮರಸರಿಗೆ ‘ಕತ್ತಿ ಹೊರಗಿಟ್ಟು ಬನ್ನಿ’ ಅಂದಿದ್ದಾನೆ. ಯಾರದು ಸರಿ? ಮಹಾರಾಜರ ಮೂರು ಒಗಟು ಬಿಡಿಸಿದವರ ಮಾತೇ ಇನ್ನು ಕಾನೂನು. ತಪ್ಪಿದವರ ತಲೆ ಹೋಯ್ತು! ಯಾರೂ ಬಿಡಿಸದಿದ್ದರೆ ಚಿಕ್ಕೀರನ ತಲೆ!”

ಡಂಗುರ ಕೇಳಿ ಚಿಕ್ಕೀರನ ಕೈಯಲ್ಲಿ ಮುದ್ದೆ ಹಾಗೇ ನಿಂತಿತು. ಮಾಡಿದ್ದು ಸರಿಯೋ ತಪ್ಪೋ ಅವನಿಗೇ ತಿಳಿಯದು. ಸಾಲಾಗಿ ಚಕ್ಕಂಬಕ್ಕಳ ಹಾಕಿ ಕೂತು ಉಣ್ಣುವ ಜಾಗ ಅದು. ಒಬ್ಬನ ಸೊಂಟದ ಕತ್ತಿ ಪಕ್ಕದವನ ಎಲೆ ತಿವಿದು, ಸಾರು ಚೆಲ್ಲಿ, ದಿನಾ ಜಗಳ. ಅದಕ್ಕೇ ಕತ್ತಿ ತೂಗುಹಾಕಲಿ ಅಂತ ಬಾಗಿಲ ಹೊರಗೊಂದು ಗೂಟ ಬಡಿದಿದ್ದ.

ಆಸ್ಥಾನದಲ್ಲಿ ರಾಜ ಕೇಳಿದ, “ನನಗಿಂತ ಕುಳ್ಳು, ಆದರೂ ನಾನೇ ಅದಕ್ಕೆ ತಲೆ ಬಗ್ಗಿಸಬೇಕು. ಏನದು?”

“ಗುರುವಿನ ಪಾದ” ಎಂದರು ಆಸ್ಥಾನದ ಪಂಡಿತರೊಬ್ಬರು. ಭಟರು ಅವರನ್ನು ಕಂಬಕ್ಕೆ ಕಟ್ಟಿದರು.

“ಶತ್ರುವಿನ ಕತ್ತಿ!” ಎಂದ ಬೊಮ್ಮರಸ.

“ನಾನು ಶತ್ರುವಿಗೆ ತಲೆ ಬಗ್ಗಿಸ್ತೀನೇನೋ?” ರಾಜ ಕೆಂಡವಾದ. ಎರಡನೆಯ ಕಂಬವೂ ತುಂಬಿತು. ಆಮೇಲೆ ಯಾರೂ ಮುಂದೆ ಬರಲಿಲ್ಲ. ಗುಂಪಿನಲ್ಲಿ ನಿಂತಿದ್ದ ಚಿಕ್ಕೀರನನ್ನೇ ಹಿಂದಿನವರು ಮುಂದಕ್ಕೆ ನೂಕಿದರು.

“ಮಹಾಸ್ವಾಮಿ, ನಮ್ಮನೆ ಬಾಗ್ಲು ಕುಳ್ಳು. ಮೊನ್ನೆ ದಳವಾಯಿಗಳ ಹಣೆಗೆ ಹೊಡೀತು. ಬಾಗಿಲಿರಬಹುದಾ? ಅಲ್ಲವೇನೋ...”

“ಅದೇ! ದೊರೆಯಾದರೂ ಇನ್ನೊಬ್ಬರ ಬಾಗಿಲಲ್ಲಿ ಬಗ್ಗಿಯೇ ಹೋಗಬೇಕು. ಎರಡನೆಯದು ಕೇಳು. ಇಟ್ಟುಕೊಂಡವನಿಗೂ ಹೆದರಿಕೆ, ಎದುರಿಗಿರುವವನಿಗೂ ಹೆದರಿಕೆ.”

ಹಾವೋ? ಹೆಂಡತಿಯೋ? ಚಿಕ್ಕೀರನ ತಲೆ ಗಿರ್ರನೆ ತಿರುಗಿತು. “ಕತ್ತಿ ಕಟ್ಟಿದೋರು ಗೋಡೆಗೆ ಬೆನ್ನು ಕೊಟ್ಟೇ ಉಣ್ತಾರೆ ಸ್ವಾಮಿ. ಎದುರಿನೋರು ಎಲೆ ಬಿಟ್ಟು ಅವರ ಕೈನೇ ನೋಡ್ತಾರೆ. ಕತ್ತಿ ಅನ್ಲಾ?”

“ಅನ್ನು. ಮೂರನೆಯದು: ಕೊಟ್ಟವನು ಕಳೆದುಕೊಳ್ಳಲಿಲ್ಲ, ಪಡೆದವನಿಗೆ ದಕ್ಕಲಿಲ್ಲ.”

ತಲೆ ಹೋಯಿತೆಂದೇ ಚಿಕ್ಕೀರ ಕುತ್ತಿಗೆ ಸವರಿಕೊಂಡ. ಸಾಯುವ ಮುಂಚೆ ತನ್ನ ಗೂಟವನ್ನೊಮ್ಮೆ ನೆನೆದುಕೊಂಡ. “ಕತ್ತಿ ನಮ್ಮ ಗೂಟಕ್ಕೆ ತೂಗುಹಾಕಿ ಉಣ್ತಾರಲ್ಲ, ಆಗ ಅದು ನಂದಲ್ಲ. ಅವರೂ ಕಳ್ಕೊಂಡಿಲ್ಲ. ನಂಬಿ ಇಟ್ಟ ವಸ್ತು... ಅದಾ?”

ರಾಜ ಎದ್ದು ನಿಂತ. “ಅದೇ! ಒಗಟು ನಮ್ಮಜ್ಜಿಯವು ಕಣಯ್ಯ. ಉತ್ತರ ಗೊತ್ತಿತ್ತು. ಈ ವ್ಯಾಜ್ಯಕ್ಕೆ ಹೀಗೆ ಹೊಂದುತ್ತವೆ ಅಂತ ಗೊತ್ತಿರಲಿಲ್ಲ. ಬಾಗಿಲು ನಿನ್ನದು, ಕತ್ತಿ ಅವನದು. ಗೂಟಕ್ಕೆ ಹಾಕಿದರೆ ಎರಡೂ ಆಜ್ಞೆಗಳು ಉಳಿದವು. ಕತ್ತಿ ಬಿಚ್ಚಲಾರೆ ಅನ್ನುವವನು ಬೇರೆ ಕಡೆ ಉಣ್ಣಲಿ. ಏನು ಬೇಕು, ಕೇಳು.”

“ಕಂಬದಲ್ಲಿರೋ ಇಬ್ಬರನ್ನೂ ಬಿಟ್ಬಿಡಿ ಸ್ವಾಮಿ. ನನ್ನ ಗಿರಾಕಿಗಳು.”

ರಾಜ ನಕ್ಕು ಇಬ್ಬರನ್ನೂ ಬಿಡಿಸಿದ. ಮೇಲೆ ಬಂಗಾರದ ಹಿಡಿಯ ಕತ್ತಿಯೊಂದನ್ನು ತಾನೇ ಚಿಕ್ಕೀರನ ಸೊಂಟಕ್ಕೆ ಕಟ್ಟಿದ.

ನಡೆದಾಗಲೆಲ್ಲ ಅದು ಮೊಣಕಾಲಿಗೆ ಬಡಿಯುತ್ತಿತ್ತು. ಇದು ಬಹುಮಾನವೋ ಶಿಕ್ಷೆಯೋ ಎಂದು ತಿಳಿಯದೆ ಚಿಕ್ಕೀರ ಊಟದ ಮನೆ ಮುಟ್ಟಿದ. ಒಳಗೆ ಉಣ್ಣುತ್ತಿದ್ದವರು ತುತ್ತು ನಿಲ್ಲಿಸಿ ಅವನ ಕೈಯನ್ನೇ ನೋಡಿದರು. ಅವನು ಹಿಂದಕ್ಕೆ ಸರಿದು ಕತ್ತಿ ಬಿಚ್ಚಿದ. ಗೂಟಕ್ಕೆ ತೂಗುಹಾಕಿ, ತಲೆ ಬಗ್ಗಿಸಿ, ತನ್ನ ಮನೆಯೊಳಗೆ ಹೋದ.