ಕೆಂಬೇರಿ ನುಂಗಿದ ಗಾಳ

"ಗುರುಗಳೇ, ಅನ್ಯಾಯವಾದವನಿಗೆ ಕ್ಷಮೆ ಕಲಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಮಠದ ಬೆಳ್ಳಿಯ ತಂಬಿಗೆ ಕಾಣೆಯಾಗಿತ್ತು. ಮಠದ ಆಡಳಿತ ನೋಡುವ ಪಾರುಪತ್ಯಗಾರರು ನೀರು ಸೇದುವ ಆಳಿನ ಮೇಲೆ ಸಂಶಯಪಟ್ಟು, ಊಟಕ್ಕೆ ಕೂತವರೆಲ್ಲರ ಎದುರು ಅವನನ್ನು ಹೊರಗೆ ಹಾಕಿದರು. ಆ ಗದ್ದಲ ನಡೆಯುತ್ತಿರುವಾಗಲೇ ಶಿಷ್ಯನಿಗೆ ತಂಬಿಗೆ ಹೂವಿನ ಬುಟ್ಟಿಯ ಅಡಿಯಲ್ಲಿ ಸಿಕ್ಕಿತ್ತು. ಅಷ್ಟು ಜನರ ಮುಂದೆ ಪಾರುಪತ್ಯಗಾರರಿಗೆ ಮುಖಭಂಗವಾಗಬಾರದೆಂದು ಅವನು ಅದನ್ನು ಸದ್ದಿಲ್ಲದೆ ಅದರ ಜಾಗದಲ್ಲಿಟ್ಟ. ಮರುದಿನ ಆಳಿನ ಗುಡಿಸಲಿಗೆ ಹೋಗಿ ಇದ್ದದ್ದನ್ನು ಹೇಳಿ, ಪಾರುಪತ್ಯಗಾರರನ್ನು ಕ್ಷಮಿಸಿಬಿಡು ಎಂದು ಬುದ್ಧಿ ಹೇಳಿದ. ಆಳು ಅವನ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡ. ಇದನ್ನೆಲ್ಲ ಶಿಷ್ಯ ಏನೂ ಮುಚ್ಚಿಡದೆ, ಸ್ವಲ್ಪ ಬೇಸರದಲ್ಲೇ ಗುರುವಿಗೆ ಹೇಳಿಕೊಂಡ.

ಗುರು ಹುಟ್ಟಿದ್ದು ಬೆಸ್ತರ ಕೇರಿಯಲ್ಲಿ. ಸಿಟ್ಟು ಬಂದಾಗ ಅವರ ಬಾಯಿಗೆ ಶಾಸ್ತ್ರ ಬರುತ್ತಿರಲಿಲ್ಲ, ಮೀನಿನ ಕತೆ ಬರುತ್ತಿತ್ತು. ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ನದಿ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಒಂದು ಬಂಡೆಯಿತ್ತು. ಅದರ ಬುಡದ ಸಂದಿಗಳಲ್ಲಿ ಕೆಂಬೇರಿ ಎಂಬ ಕೆಂಪು ಮೀನಿನ ವಾಸ. ಆ ಬಂಡೆಯ ಮೇಲೆ ಕೂತು ಗಾಳ ಹಾಕುವ ಹಕ್ಕು ಒಬ್ಬನಿಗೆ ಮಾತ್ರ. ಅದು ಯಾರಿಗೆಂದು ಬೆಸ್ತರ ಕೇರಿ ಸಭೆ ಸೇರಿ ತೀರ್ಮಾನ ಮಾಡುತ್ತಿತ್ತು. ಬಹಳ ಕಾಲದಿಂದ ಅದು ಒಬ್ಬ ಮುದುಕನ ಪಾಲಿಗಿತ್ತು. ಅವನಿಗೆ ದೋಣಿ ಇಲ್ಲ, ಬಲೆ ಇಲ್ಲ. ಗಂಡ ಹೆಂಡತಿಯ ಗಂಜಿ ಆ ಬಂಡೆಯಿಂದಲೇ ನಡೆಯಬೇಕು. ಈಚೆಗೆ ಅವನು ಬರಿಗೈಯಲ್ಲಿ ಬರುವುದು ಹೆಚ್ಚಾಗಿತ್ತು. ಮುದುಕನ ಕೈ ಸೋತಿದೆ, ಬಂಡೆಯನ್ನು ಬೇರೆಯವರಿಗೆ ಕೊಡೋಣ ಎಂಬ ಮಾತು ಎದ್ದಿತ್ತು.

ಒಂದು ಬೆಳಿಗ್ಗೆ ನೀರು ಏರುವ ಹೊತ್ತಿಗೆ ಮುದುಕ ಜೀವಂತ ಸಿಗಡಿಯನ್ನು ಸಿಕ್ಕಿಸಿ ಗಾಳ ಬಿಟ್ಟ. ದೊಡ್ಡ ಕೆಂಬೇರಿಯೊಂದು ನುಂಗಿತು. ಗಾಳಕ್ಕೆ ಬಿದ್ದ ಕೆಂಬೇರಿ ಕಡಲಿಗೆ ಓಡುವುದಿಲ್ಲ, ಬಂಡೆಯ ಸಂದಿಗೆ ನುಗ್ಗುತ್ತದೆ. ಒಳಗೆ ಹೋಯಿತೆಂದರೆ ಮತ್ತೆ ಅದರ ಆಸೆ ಬಿಡಬೇಕು. ಮುದುಕ ದಾರವನ್ನು ಅಂಗೈಗೆ ಸುತ್ತಿ ಹಿಡಿದ. ಅಂಗೈ ಸೀಳಿ ರಕ್ತ ಬಂತು, ಬಿಡಲಿಲ್ಲ. ಕೊನೆಗೆ ದಾರವೇ ಬಂಡೆಗೆ ಅಂಟಿದ ಚಿಪ್ಪಿಗೆ ಉಜ್ಜಿ ತುಂಡಾಯಿತು.

ಮೀನು ಹೋದದ್ದಕ್ಕೆ ಅವನು ಹೆಚ್ಚು ಮರುಗಲಿಲ್ಲ. ಕೈ ಇನ್ನೂ ಸೋತಿಲ್ಲ ಎಂಬ ಸಂತೋಷವೇ ಅವನಿಗೆ ದೊಡ್ಡದಾಗಿತ್ತು. ಕೇರಿಗೆ ಬಂದು ಎಲ್ಲರಿಗೂ ಹೇಳಿದ. ಮೊದಲು ನಕ್ಕವನು ಒಬ್ಬ ದೋಣಿಯ ಯಜಮಾನ. ಚಿಪ್ಪಿಯ ಮೇಲೆ ಜಾರಿ ಬಿದ್ದು ಕೈ ಕೊಯ್ದುಕೊಂಡವನು ಬಂಡೆ ಉಳಿಸಿಕೊಳ್ಳಲು ಮೀನು ಹುಟ್ಟಿಸಿದ್ದಾನೆ ಎಂದು ಅವನು ಹೇಳಿದ. ಉಳಿದವರೂ ನಕ್ಕರು. ಹುಟ್ಟಿದಂದಿನಿಂದ ಸುಳ್ಳು ಹೇಳದ ಮುದುಕ ಒಂದು ಬೆಳಗಿನಲ್ಲಿ ಸುಳ್ಳುಗಾರನಾದ.

ಕೆಲವು ದಿನ ಕಳೆದು ಅದೇ ಯಜಮಾನನ ಬಲೆಗೆ ಅಳಿವೆಯಲ್ಲಿ ಒಂದು ಭಾರೀ ಕೆಂಬೇರಿ ಬಿತ್ತು. ಅವನು ಇಡೀ ಕೇರಿಯನ್ನು ಊಟಕ್ಕೆ ಕರೆದ.

ಆ ಕರಾವಳಿಯಲ್ಲಿ ಒಂದು ಕಟ್ಟಳೆ ಇತ್ತು. ಹಿಡಿದ ಮೀನಿನೊಳಗೆ ಬೇರೆಯವನ ಗಾಳ ಸಿಕ್ಕಿದರೆ, ಅದು ಯಾರ ಕೈಗೆ ಸಿಕ್ಕಿತೋ ಅವನು ಅದನ್ನು ಎಲ್ಲರೆದುರು ಎತ್ತಿ ಹಿಡಿದು ಗಾಳದವನ ಹೆಸರು ಕೂಗಬೇಕು. ಒಬ್ಬೊಬ್ಬ ಬೆಸ್ತನೂ ಗಾಳ ಕಟ್ಟುವ ರೀತಿ ಬೇರೆ, ಆದ್ದರಿಂದ ಯಾರದೆಂದು ತಿಳಿಯುವುದು ಕಷ್ಟವಲ್ಲ. ಮುದುಕ ತನ್ನ ಗಾಳದ ಕುತ್ತಿಗೆಗೆ ತಾಮ್ರದ ತಂತಿ ಸುತ್ತುತ್ತಿದ್ದ. ಮೀನಿನ ಬಾಯಿ ಒಮ್ಮೆ ನೋಡಿ ಎಂದು ಅವನು ಕೇಳಿಕೊಂಡ. ನೋಡಿದರು, ಏನೂ ಕಾಣಲಿಲ್ಲ. ಮತ್ತೆ ನಕ್ಕರು.

ಯಜಮಾನನ ಹೆಂಡತಿ ತೆಂಗಿನಕಾಯಿ, ಒಣಮೆಣಸು, ಹುಣಸೆ ಅರೆದು ದೊಡ್ಡ ಮಣ್ಣಿನ ಅಳಗೆಯಲ್ಲಿ ಸಾರು ಮಾಡಿದಳು. ಮೀನಿನ ತಲೆಯನ್ನು ಒಡೆಯದೆ ಇಡಿಯಾಗಿ ಬೇಯಿಸಿದಳು. ತಲೆ ಯಾವಾಗಲೂ ಕೇರಿಯ ಹಿರಿಯನಾದ ಗುರಿಕಾರನ ಎಲೆಗೆ. ಈ ಗುರಿಕಾರ ಎಂದೂ ದನಿ ಎತ್ತದವನು, ಯಾರ ಮನಸ್ಸನ್ನೂ ನೋಯಿಸದವನು ಎಂದು ಹೆಸರಾದವನು. ಮುದುಕ ಪಂಕ್ತಿಯ ಕೊನೆಯಲ್ಲಿ ಕೂತು, ಬಡಿಸಿದ ತುಂಡನ್ನು ಮುಟ್ಟದೆ ಬರೀ ಸಾರಿನಲ್ಲಿ ಅನ್ನ ಕಲಸಿ ತಿಂದ.

ಊಟ ಮುಗಿದ ಮೇಲೆ ಅಂಗಳದಲ್ಲೇ ಸಭೆ ಸೇರಿತು. ಮೀನು ಹಿಡಿಯಲಾರದವನಿಗೆ, ಸಾಲದ್ದಕ್ಕೆ ಸುಳ್ಳು ಹೇಳಿದವನಿಗೆ ಬಂಡೆ ಏಕೆ ಎಂದು ಕೇರಿ ಕೇಳಿತು. ಗುರಿಕಾರ ಶಾಂತವಾಗಿ ಕೈ ತೊಳೆದು ಬಂದು ಕೂತ. ಎಲ್ಲರ ಅಭಿಪ್ರಾಯ ಹಾಗಿದ್ದರೆ ಹಾಗೆಯೇ ಆಗಲಿ ಎಂದ. ಬಂಡೆ ಯಜಮಾನನ ಭಾವಮೈದುನನಿಗೆ ಹೋಯಿತು. ಮುದುಕ ತಲೆ ತಗ್ಗಿಸಿ ಮನೆಗೆ ಬಂದ. ಆ ದಿನ ಅವನಿಗೆ ಸಿಟ್ಟೂ ಬರಲಿಲ್ಲ. ನಿಜವಾಗಿಯೂ ತನಗೆ ಭ್ರಮೆಯಾಗಿತ್ತೋ ಏನೋ ಎಂದು ತನ್ನ ಅಂಗೈಯ ಗಾಯವನ್ನೇ ನೋಡುತ್ತ ಕೂತ.

ಮರುದಿನ ಮಧ್ಯಾಹ್ನ, ಕೇರಿಯ ಗಂಡಸರೆಲ್ಲ ಕಡಲಿಗೆ ಹೋಗಿದ್ದಾಗ, ಗುರಿಕಾರ ಮುದುಕನ ಮನೆಯ ಹಿತ್ತಲಿನಿಂದ ಒಳಗೆ ಬಂದ. ಸೊಂಟದಿಂದ ಬಾಳೆ ಎಲೆಯ ಚೂರೊಂದನ್ನು ತೆಗೆದು ಬಿಚ್ಚಿದ. ಒಳಗೆ ತಾಮ್ರದ ತಂತಿ ಸುತ್ತಿದ ಗಾಳ. ಕೆಂಬೇರಿ ಅದನ್ನು ಗಂಟಲಿನ ಆಳಕ್ಕೆ ನುಂಗಿತ್ತು. ನಿನ್ನೆ ತಲೆ ಚೀಪುವಾಗ ಗುರಿಕಾರನ ಹಲ್ಲಿಗೆ ಸಿಕ್ಕಿತ್ತು. ಕರೆದು ಊಟ ಹಾಕಿದವನ ಅಂಗಳದಲ್ಲಿ ಅವನನ್ನೇ ಸಣ್ಣವನನ್ನಾಗಿ ಮಾಡುವುದು ಹೇಗೆ ಎಂದು ಗುರಿಕಾರ ಅದನ್ನು ಎಲೆಯ ಅಂಚಿನಡಿ ತಳ್ಳಿದ್ದ. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಗಾಳ ಸೊಂಟದಲ್ಲಿರುವಾಗಲೇ ಈ ಪುಣ್ಯಾತ್ಮ ತೀರ್ಪು ಹೇಳಿದ್ದು.

ಯಜಮಾನನಿಗೆ ಇದು ಗೊತ್ತಿಲ್ಲ, ಅವನು ಬೇಕೆಂದು ಮಾಡಿದ್ದಲ್ಲ ಎಂದು ಗುರಿಕಾರ ಸಮಾಧಾನ ಹೇಳಿದ.

"ದೊಡ್ಡ ಮನಸ್ಸು ಮಾಡು ಮಾರಾಯ. ಅವನನ್ನು ಕ್ಷಮಿಸಿಬಿಡು. ನಿನ್ನದು ನಿನಗೆ ಬಂತಲ್ಲ."

ಮುದುಕ ಗಾಳವನ್ನು ಕೈಗೆ ತೆಗೆದುಕೊಂಡ. ಒಂದು ಗಳಿಗೆ ಅವನ ಮುಖ ಅರಳಿತು. ಭ್ರಮೆಯಾಗಿರಲಿಲ್ಲ, ಕೈ ಸುಳ್ಳು ಹೇಳಿರಲಿಲ್ಲ. ಆಮೇಲೆ ಮೈಯೆಲ್ಲ ಉರಿಯಿತು. ನಿನ್ನೆಯಿಡೀ ಬಾರದ ಸಿಟ್ಟು ಒಟ್ಟಿಗೆ ಬಂತು.

"ಊರೆದುರು ಹೋದದ್ದನ್ನು ಹಿತ್ತಲ ಬಾಗಿಲಲ್ಲಿ ತಂದು ಕೊಡುವುದಾ ಗುರಿಕಾರರೇ? ನಿನ್ನೆ ನನ್ನ ಹೆಸರು ಕೂಗಲಿಕ್ಕೆ ನಿಮಗೆ ಒಂದು ಉಸಿರು ಸಾಕಿತ್ತು."

ಅಷ್ಟರಲ್ಲಿ ಮುದುಕನ ಹೆಂಡತಿ, ಬಂದ ಹಿರಿಯನಿಗೆಂದು ತಟ್ಟೆಯಲ್ಲಿ ಗಂಜಿ, ಸುಟ್ಟ ಬೂತಾಯಿ ಮೀನು ಹಾಕಿ ತಂದಿಟ್ಟಿದ್ದಳು. ಮುದುಕ ಆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. ಬಡಿಸಿದ್ದನ್ನು ಹಿಂದೆ ತೆಗೆಯುವುದು ಆ ಮನೆಯಲ್ಲಿ ಎಂದೂ ನಡೆದದ್ದಲ್ಲ.

ಗುರಿಕಾರ ನೊಂದುಕೊಂಡು ಎದ್ದು ಹೋದ. ವಯಸ್ಸಾದರೂ ಮುದುಕನಿಗೆ ಸಿಟ್ಟು ಹೋಗಿಲ್ಲ, ಪಾಪ, ಎಂದು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ. ಗಾಳದ ಸುದ್ದಿ ಮಾತ್ರ ಆಗಲೂ ಹೇಳಲಿಲ್ಲ.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆದರೂ ಗುರುಗಳೇ, ಯಜಮಾನ ತಿಳಿಯದೆ ಮಾಡಿದ್ದು. ಮುದುಕ ಅವನನ್ನು ಕ್ಷಮಿಸಬಹುದಿತ್ತಲ್ಲವೇ?"

ಗುರು ಹೇಳಿದರು: "ಅವನ ಸಿಟ್ಟು ಯಜಮಾನನ ಮೇಲೆ ಎಂದು ನಿನಗೆ ಯಾರು ಹೇಳಿದರು?"